ಮನೆಯ ಬಡ್ಡಿದರ



ಎರಡು ತಿಂಗಳಿಗೊಮ್ಮೆ ವಾರ್ತೆಗಳಲ್ಲಿ ತಪ್ಪದೆ ಬರುವ ಸುದ್ದಿಯೊಂದಿದೆ. ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ಮುಂಬೈಯಲ್ಲಿ ಸಭೆ ಸೇರಿತು, ರೆಪೊ ದರವನ್ನು ಏರಿಸಿತು, ಇಳಿಸಿತು, ಇಲ್ಲವೇ ಇದ್ದಲ್ಲೇ ಇಟ್ಟಿತು. ಬ್ಯಾಂಕುಗಳು ತಮ್ಮ ತಾತ್ಕಾಲಿಕ ಅಗತ್ಯಕ್ಕೆ ರಿಸರ್ವ್ ಬ್ಯಾಂಕಿನಿಂದ ಪಡೆಯುವ ಸಾಲಕ್ಕೆ ತೆರುವ ಬಡ್ಡಿಯೇ ರೆಪೊ ದರ. ಕೊರೋನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಅದು ಶೇಕಡಾ 4ಕ್ಕೆ ಇಳಿದಿತ್ತು. 2022ರ ಮೇ ತಿಂಗಳಿಂದ ಏರತೊಡಗಿ 2023ರ ಫೆಬ್ರವರಿಗೆ ಶೇಕಡಾ 6.5 ಆಯಿತು. ಎರಡು ವರ್ಷ ಅಲ್ಲೇ ನಿಂತು, 2025ರಲ್ಲಿ ನಾಲ್ಕು ಸಲ ಇಳಿದು ಡಿಸೆಂಬರಿನ ಹೊತ್ತಿಗೆ ಶೇಕಡಾ 5.25ಕ್ಕೆ ಬಂತು.

ಹಾಸನ ಪೇಟೆಯಲ್ಲಿ ಮನೆ ಕಟ್ಟಲು ಸಾಲ ಮಾಡಿದ ಮೇಷ್ಟರಿಗೆ ಇದು ನಿಜವಾಗಿಯೂ ಸುದ್ದಿ. 2019ರ ಅಕ್ಟೋಬರಿನಿಂದೀಚೆಗೆ ಬದಲಾಗುವ ಬಡ್ಡಿಯ ಗೃಹಸಾಲಗಳನ್ನು ಬ್ಯಾಂಕುಗಳು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಲೇಬೇಕು. ಇಪ್ಪತ್ತು ವರ್ಷದ 25 ಲಕ್ಷ ರೂಪಾಯಿ ಸಾಲದ ಬಡ್ಡಿ ಶೇಕಡಾ 8.75ರಿಂದ 7.5ಕ್ಕೆ ಇಳಿದರೆ ತಿಂಗಳ ಕಂತಿನಲ್ಲಿ ಎರಡು ಸಾವಿರಕ್ಕೆ ಹತ್ತಿರ ಹತ್ತಿರ ಉಳಿತಾಯ. ನಿವೃತ್ತಿಯಾಗಿ ಠೇವಣಿಯ ಬಡ್ಡಿಯಲ್ಲೇ ಮಾತ್ರೆ ಔಷಧಿ ಕೊಳ್ಳುವ ಹಿರಿಯರಿಗೂ ಇದು ಸುದ್ದಿಯೇ. ಅವರ ಪಾಲಿಗೆ ಮಾತ್ರ ಇಳಿಕೆ ಅಂದರೆ ನಷ್ಟ.

ಆದರೆ ಅರಕಲಗೂಡಿನ ಕಡೆ ಎರಡೆಕರೆ ಹೊಲ, ಒಂದು ಸೀಮೆಹಸು ಇಟ್ಟುಕೊಂಡ ಸಂಸಾರಕ್ಕೆ ಇದರಿಂದ ಏನಾಯಿತು? ಈ ಪ್ರಶ್ನೆ ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಆ ಸಂಸಾರದ ಸಾಲಗಳನ್ನು ಒಂದೊಂದಾಗಿ ನೋಡಿ. ಸೊಸೈಟಿಯಿಂದ ತಂದ ಬೆಳೆಸಾಲವಿದೆ. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಬೆಳೆಸಾಲಕ್ಕೆ ಒಂದು ಮಿತಿಯವರೆಗೆ ಬಡ್ಡಿಯೇ ಇಲ್ಲ. ಆ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ವಾಯಿದೆಯೊಳಗೆ ಕಟ್ಟಿಬಿಟ್ಟರೆ ಸೊನ್ನೆ ಬಡ್ಡಿ, ತಪ್ಪಿದರೆ ಆ ರಿಯಾಯಿತಿ ಹೋಯಿತು. ಬ್ಯಾಂಕಿನ ಕಿಸಾನ್ ಕಾರ್ಡಿನ ಸಾಲವಾದರೆ, ಹೊತ್ತಿಗೆ ಸರಿಯಾಗಿ ಕಟ್ಟಿದವರಿಗೆ ಶೇಕಡಾ 4 ಬೀಳುತ್ತದೆ. ಇವೆರಡೂ ಸರ್ಕಾರ ಗೊತ್ತುಮಾಡಿದ ಬಡ್ಡಿ. ರೆಪೊ ಏರಿದರೂ ಇಳಿದರೂ ಇವು ಕದಲುವುದಿಲ್ಲ. ಇದೇ ಮನೆಯಲ್ಲಿ ಊರಿನವರ ಹತ್ತಿರ ತಂದ ಕೈಸಾಲವೂ ಇರುತ್ತದೆ. ಅದಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ, ಅಂದರೆ ವರ್ಷಕ್ಕೆ ಶೇಕಡಾ 36. ಅದೂ ರೆಪೊ ದರದ ಮಾತು ಕೇಳುವುದಿಲ್ಲ. ಒಂದೇ ಸೂರಿನ ಕೆಳಗೆ ಸೊನ್ನೆ ಬಡ್ಡಿಯೂ ಇದೆ, ಮೂವತ್ತಾರು ಬಡ್ಡಿಯೂ ಇದೆ. ನಡುವೆ ವಾರದ ಕಂತಿನ ಸಾಲ, ಅಡವಿಟ್ಟ ಒಡವೆಯ ಸಾಲ, ಹೆಂಗಸರ ಸಂಘದ ಸಾಲ.

ಸೊನ್ನೆ ಬಡ್ಡಿಗೆ ಸಿಗುವಾಗ ಮೂವತ್ತಾರಕ್ಕೆ ಯಾಕೆ ಹೋಗುತ್ತಾರೆ? ದುಂದುವೆಚ್ಚ, ಮದುವೆ, ಜಾತ್ರೆ ಎಂದು ಪೇಟೆಯವರು ಥಟ್ಟನೆ ಹೇಳಿಬಿಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಮದುವೆಯ ದಿನ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಬೆಳೆ ಬಂದ ಮೇಲಿನ ಮುಹೂರ್ತ ಹುಡುಕುತ್ತೇವೆ, ನೆಂಟರಿಷ್ಟರ ಮುಯ್ಯಿ ಬರುತ್ತದೆ. ಕಾಯಿಲೆಗೆ ಮುಹೂರ್ತವಿಲ್ಲ. ನಮ್ಮ ಸಂಸಾರಗಳನ್ನು ಮೂರು ರೂಪಾಯಿ ಬಡ್ಡಿಯ ಬಾಗಿಲಿಗೆ ಕಳಿಸುವುದು, ದುಡ್ಡು ಬರುವ ತಿಂಗಳಿಗೂ ಕಾಯಿಲೆ ಬರುವ ತಿಂಗಳಿಗೂ ನಡುವೆ ಇರುವ ದೂರ.

ದುಡ್ಡು ಬರುವ ತಿಂಗಳುಗಳನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ. ಹಾಸನದ ಎಪಿಎಂಸಿಗೆ ಬೇಸಿಗೆಯಲ್ಲಿ ಪಂಜಾಬಿನ ಜಲಂಧರ್ ಕಡೆಯಿಂದ ಆಲೂಗೆಡ್ಡೆಯ ಬಿತ್ತನೆ ಬರುತ್ತದೆ. ಮೇ, ಜೂನ್‌ನಲ್ಲಿ ಬಿತ್ತನೆ. ಬೀಜ, ಗೊಬ್ಬರ, ಔಷಧಿ ಎಲ್ಲಕ್ಕೂ ದುಡ್ಡು ಹೋಗುವುದು ಆಗಲೇ. ಅಂಗಮಾರಿ ರೋಗ ಬೀಳದೆ ಉಳಿದರೆ ಗೆಡ್ಡೆಯ ದುಡ್ಡು ಬರುವುದು ಆಗಸ್ಟು, ಸೆಪ್ಟೆಂಬರಿಗೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಮಳೆಗಾಲದಲ್ಲಿ ಸೊಪ್ಪು ಬೆಳೆದು, ಬ್ಯಾರನ್ನಿನಲ್ಲಿ ಬೇಯಿಸಿ, ಬೇಲು ಕಟ್ಟಿ ಹರಾಜಿಗೆ ಒಯ್ಯುವಷ್ಟರಲ್ಲಿ ಮಳೆಗಾಲ ಮುಗಿಯುತ್ತಾ ಬಂದಿರುತ್ತದೆ. ಹೊಳೆನರಸೀಪುರದಲ್ಲಿ ಹೇಮಾವತಿ ನಾಲೆಯ ಕೆಳಗಿನವರಿಗೆ ಭತ್ತ, ನಾಲೆಯ ಮೇಲಿನವರಿಗೆ ರಾಗಿ. ಅವು ಕಣಕ್ಕೆ ಬರುವುದು ಚಳಿಗಾಲಕ್ಕೆ.

ಚನ್ನರಾಯಪಟ್ಟಣದ ಲೆಕ್ಕ ಬೇರೆ. ಅಲ್ಲಿ ತೆಂಗು. ಉಂಡೆ ಕೊಬ್ಬರಿ ಮಾಡುವ ಮನೆಗಳಲ್ಲಿ ಬಲಿತ ಕಾಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸುಲಿದು, ಒಡೆದು, ತಿಪಟೂರಿನ ಮಾರುಕಟ್ಟೆಗೆ. ಆ ಅಟ್ಟ ಉಳಿತಾಯದ ಜಾಗ. ಅದನ್ನು ಯಾವ ಬ್ಯಾಂಕಿನ ಲೆಕ್ಕವೂ ಎಣಿಸುವುದಿಲ್ಲ. ಮನೆಯ ಯಜಮಾನನಿಗೆ ಎದೆ ನೋವು ಬಂದ ದಿನ ಅಟ್ಟದ ಕಾಯಿ ಇನ್ನೂ ಕೊಬ್ಬರಿಯಾಗಿರುವುದಿಲ್ಲ. ಕಾಯಿಯಾಗಿಯೇ ಮಾರಿದರೆ ಅಷ್ಟು ತಿಂಗಳು ಕಾದದ್ದಕ್ಕೆ ಬೆಲೆ ಸಿಗುವುದಿಲ್ಲ, ಮಾರದಿದ್ದರೆ ಕೈಸಾಲ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ ಇತ್ತು. ಅರ್ಧ ಆರಿದ ಕಾಯಿಗೆ ಯಾರೂ ಬೆಂಬಲ ಬೆಲೆ ಗೊತ್ತುಮಾಡಿಲ್ಲ.

ಈ ನಾಲ್ಕೂ ಕಡೆ ವರ್ಷವಿಡೀ ಬರುವ ದುಡ್ಡು ಅಂದರೆ ಹಾಲಿನದು. ಬೆಳಗ್ಗೆ ಸಂಜೆ ಡೈರಿಗೆ ಕ್ಯಾನು ಹಿಡಿದು ಹೋಗುವವರು ಹೆಚ್ಚಾಗಿ ಹೆಂಗಸರು. ಅಳತೆಯಾಗಿ, ಜಿಡ್ಡಿನ ಅಂಶ ನೋಡಿ, ಚೀಟಿ ಕೊಡುತ್ತಾರೆ. ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ. 2023ರ ಆಗಸ್ಟಿನಿಂದ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರವೂ ಇದಕ್ಕೆ ಸೇರಿತು. ಈ ಎರಡು ಹಣಕ್ಕೂ ಒಂದು ಗುಣವಿದೆ: ಮೊತ್ತ ಚಿಕ್ಕದು, ಆದರೆ ಮತ್ತೆ ಮತ್ತೆ ಬರುತ್ತದೆ, ಎಷ್ಟೋ ಮನೆಗಳಲ್ಲಿ ಹೆಂಗಸಿನ ಕೈಗೇ ಬರುತ್ತದೆ. ಈ ಗುಣವನ್ನು ಮುಂದೆ ನೆನಪಿಸುತ್ತೇನೆ.

ಇನ್ನು ಸಂಶೋಧಕರು ಏನು ಕಂಡರು ಎಂಬುದಕ್ಕೆ ಬರೋಣ. ಸ್ವತಂತ್ರ ಭಾರತದಲ್ಲಿ ಹಳ್ಳಿಯ ಸಾಲದ ಮೊದಲ ದೊಡ್ಡ ಸಮೀಕ್ಷೆ ನಡೆದದ್ದು 1951-52ರಲ್ಲಿ. ಎ. ಡಿ. ಗೋರ್ವಾಲಾ ಅವರ ಅಧ್ಯಕ್ಷತೆಯ ಸಮಿತಿಗಾಗಿ ರಿಸರ್ವ್ ಬ್ಯಾಂಕೇ 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ಮನೆಮನೆಗೆ ಜನರನ್ನು ಕಳಿಸಿತು. ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3ರಷ್ಟು, ವಾಣಿಜ್ಯ ಬ್ಯಾಂಕುಗಳ ಪಾಲು ಶೇಕಡಾ 1ಕ್ಕಿಂತ ಕಡಿಮೆ, ಬಡ್ಡಿ ಸಾಹುಕಾರರದು ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಎಂದು ಗೊತ್ತಾಯಿತು. 1955ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಹುಟ್ಟಿದ್ದರ ಹಿಂದೆ ಆ ವರದಿ ಇದೆ. ಮನೆಮನೆಗೆ ಹೋಗಿ ಕೇಳಿದ್ದರಿಂದ ಒಂದು ದೇಶದ ಬ್ಯಾಂಕಿಂಗ್ ದಿಕ್ಕೇ ಬದಲಾಯಿತು ಎಂಬುದು ನನಗೆ ಇವತ್ತಿಗೂ ಹೆಮ್ಮೆಯ ಸಂಗತಿ.

ಆಮೇಲೆ 1975ರಿಂದ ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯವರು ಒಣಸೀಮೆಯ ಕೆಲವು ಹಳ್ಳಿಗಳಲ್ಲಿ ವರ್ಷಗಟ್ಟಲೆ ಕೂತು ಒಂದೊಂದು ಮನೆಯ ಬಂದದ್ದು ಹೋದದ್ದನ್ನು ಬರೆದಿಟ್ಟರು. ಮಹಬೂಬ್‌ನಗರದ ಔರೇಪಲ್ಲಿ, ಅಕೋಲಾದ ಕಾನ್ಝರಾ, ನಮ್ಮ ಗಡಿಗೆ ಹೊಂದಿಕೊಂಡ ಸೊಲ್ಲಾಪುರ ಜಿಲ್ಲೆಯ ಶಿರಾಪುರ. ಆ ಲೆಕ್ಕಗಳನ್ನು ಹಿಡಿದು ರಾಬರ್ಟ್ ಟೌನ್ಸೆಂಡ್ ಎಂಬ ಅರ್ಥಶಾಸ್ತ್ರಜ್ಞ 1994ರಲ್ಲಿ ಬರೆದದ್ದು ಪ್ರಪಂಚದಾದ್ಯಂತ ಓದಿಸಿಕೊಂಡ ಪ್ರಬಂಧ. ಒಂದು ಮನೆಯ ಆದಾಯ ಬಿದ್ದುಹೋದರೂ ಆ ಮನೆಯ ಊಟ ಅಷ್ಟೇ ಪ್ರಮಾಣದಲ್ಲಿ ಬೀಳುವುದಿಲ್ಲ, ಊರಿನ ಕೊಡು-ಕೊಳ್ಳುವಿಕೆ ಬಹುಮಟ್ಟಿಗೆ ಅದನ್ನು ತಡೆದು ನಿಲ್ಲಿಸುತ್ತದೆ ಎಂದು ಅವರು ಕಂಡುಕೊಂಡರು. ಅದೇ ಹಳ್ಳಿಗಳ ಲೆಕ್ಕದಿಂದ ಮಾರ್ಕ್ ರೋಸೆನ್‌ಜ್ವೈಗ್ ಮತ್ತು ಓಡೆಡ್ ಸ್ಟಾರ್ಕ್ 1989ರಲ್ಲಿ ಇನ್ನೊಂದು ಸಂಗತಿ ಹೇಳಿದ್ದರು: ಮಳೆಯ ರೀತಿಯೇ ಬೇರೆ ಇರುವ ದೂರದ ಊರಿಗೆ ಹೆಣ್ಣು ಕೊಟ್ಟು ತಂದ ಮನೆಗಳು ಬರಗಾಲವನ್ನು ಹೆಚ್ಚು ಚೆನ್ನಾಗಿ ತಡೆದುಕೊಳ್ಳುತ್ತವೆ.

ಇದನ್ನು ಓದಿದಾಗ ನನಗೆ ನಮ್ಮ ಹಾಸನ ಜಿಲ್ಲೆಯೇ ಕಣ್ಣ ಮುಂದೆ ಬಂತು. ಅರಕಲಗೂಡು ಅರೆಮಲೆನಾಡು, ಚನ್ನರಾಯಪಟ್ಟಣ ಬಯಲುಸೀಮೆ. ಬಯಲಿನಲ್ಲಿ ಮುಂಗಾರು ಕೈಕೊಟ್ಟ ವರ್ಷ ಮೇಲುಸೀಮೆಯ ಬೀಗರ ಮನೆಯಿಂದ ನಾಲ್ಕು ಮೂಟೆ ಭತ್ತ ಬಂದಿಳಿಯುವುದನ್ನು ಕಂಡವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ನೆಂಟಸ್ತನ ಬೆಳೆಸುವಾಗ ನಮ್ಮ ಹಿರಿಯರು ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು ಎಂದು ನಾನು ನಂಬುತ್ತೇನೆ.

ಆದರೆ ಊರೂ ನೆಂಟರೂ ಸೇರಿ ತಡೆಯಲಾಗದ ಹೊಡೆತ ಒಂದಿದೆ. ಇಂಡೋನೇಷ್ಯಾದ ಮನೆಗಳ ಲೆಕ್ಕ ಹಿಡಿದು ಪಾಲ್ ಗರ್ಟ್ಲರ್ ಮತ್ತು ಜೊನಾಥನ್ ಗ್ರೂಬರ್ 2002ರಲ್ಲಿ ಇದನ್ನು ತೋರಿಸಿದರು. ಸಣ್ಣಪುಟ್ಟ ಕಾಯಿಲೆಯ ಖರ್ಚನ್ನು ಸಂಸಾರಗಳು ಹೇಗೋ ಸುಧಾರಿಸಿಕೊಳ್ಳುತ್ತವೆ. ಎದ್ದು ಓಡಾಡದಂತೆ ಮಾಡುವ ದೊಡ್ಡ ಕಾಯಿಲೆ ಬಂದರೆ ಊಟ, ಬಟ್ಟೆ, ಎಲ್ಲಕ್ಕೂ ಕತ್ತರಿ ಬೀಳುತ್ತದೆ. ಬರ ಬಂದರೆ ಊರಿಗೆಲ್ಲ ಬರುತ್ತದೆ, ಸರ್ಕಾರವೂ ಬರುತ್ತದೆ. ದೊಡ್ಡ ಕಾಯಿಲೆ ಒಂದು ಮನೆಯನ್ನು ಮಾತ್ರ ಹುಡುಕಿಕೊಂಡು ಬರುತ್ತದೆ, ದುಡಿಯುವ ಕೈಯನ್ನೂ ಕೂಡಿಟ್ಟ ಗಂಟನ್ನೂ ಒಟ್ಟಿಗೇ ತೆಗೆದುಕೊಳ್ಳುತ್ತದೆ. ಅನಿರುದ್ಧ್ ಕೃಷ್ಣ ಎಂಬವರು ರಾಜಸ್ಥಾನ, ಗುಜರಾತ್, ಆಂಧ್ರದ ಹಳ್ಳಿಗಳಲ್ಲಿ ವರ್ಷಗಟ್ಟಲೆ ವಿಚಾರಿಸಿ 2010ರ ತಮ್ಮ ಪುಸ್ತಕದಲ್ಲಿ ಹೇಳಿದ್ದೂ ಇದನ್ನೇ: ಚೆನ್ನಾಗಿದ್ದ ಮನೆಗಳು ಬಡತನಕ್ಕೆ ಜಾರುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಕಾಯಿಲೆ ಮತ್ತು ಅದರ ಖರ್ಚು.

ಲೆಕ್ಕ ಹಾಕಿ ನೋಡೋಣ. ಜುಲೈ ತಿಂಗಳಲ್ಲಿ ಮನೆಯವರೊಬ್ಬರ ಚಿಕಿತ್ಸೆಗೆ 60,000 ರೂಪಾಯಿ ಬೇಕಾಯಿತು ಅಂದುಕೊಳ್ಳಿ. ಗೆಡ್ಡೆ ಭೂಮಿಯೊಳಗಿದೆ, ಸೊಪ್ಪು ಹೊಲದಲ್ಲಿದೆ, ಕಾಯಿ ಅಟ್ಟದ ಮೇಲಿದೆ. ಮೂರು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 1,800. ಡಿಸೆಂಬರಿಗೆ ಕಣ ಮಾಡಿ ತೀರಿಸುವ ಹೊತ್ತಿಗೆ ಬಡ್ಡಿಯೇ 10,800. ಅದೇ ಹಣ ನೂರಕ್ಕೆ ಒಂದು ರೂಪಾಯಿಯಂತೆ ಸ್ತ್ರೀಶಕ್ತಿ ಎಂಬ ಹೆಂಗಸರ ಸಂಘದಲ್ಲಿ ಸಿಕ್ಕಿದ್ದರೆ 3,600. ವ್ಯತ್ಯಾಸ ಏಳು ಸಾವಿರದ ಇನ್ನೂರು. ಇನ್ನು ರೆಪೊ ದರದ ಕಾಲು ಶೇಕಡಾ ಇಳಿಕೆ ಪೂರ್ತಿಯಾಗಿ ಈ ಮನೆಗೇ ತಲುಪಿತು ಎಂದಿಟ್ಟುಕೊಂಡರೂ 60,000ಕ್ಕೆ ವರ್ಷಕ್ಕೆ 150 ರೂಪಾಯಿ. ಆದ್ದರಿಂದಲೇ ನಾನು ಹೇಳುತ್ತೇನೆ, ಹಳ್ಳಿಮನೆಯ ಬಡ್ಡಿದರ ನಿರ್ಧಾರವಾಗುವುದು ತಾಲ್ಲೂಕು ಆಸ್ಪತ್ರೆಯಲ್ಲಿ. ಅಲ್ಲಿ ಡಾಕ್ಟರು, ಔಷಧಿ, ತಪಾಸಣೆ ಸರಿಯಾಗಿ ಸಿಕ್ಕರೆ ಮೂವತ್ತಾರರ ಬಡ್ಡಿ ಆ ಮನೆಗೆ ಕಾಲಿಡುವುದಿಲ್ಲ.

2025ರ ಮೇ, ಜೂನ್ ತಿಂಗಳುಗಳನ್ನು ನಾವ್ಯಾರೂ ಮರೆತಿಲ್ಲ. ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಮೇಲೊಂದು ಬಂತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರಿದ್ದರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಹಿಂದಿನ ವರ್ಷಗಳಿಗೆ ಹೋಲಿಸಿದರೆ ಅಸಹಜವಾದ ಏರಿಕೆ ಇಲ್ಲ ಎಂದು ಸಮಿತಿ ವರದಿ ಕೊಟ್ಟಿತು. ಅಷ್ಟರಲ್ಲಿ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿಗೇ ಸಾಲುಗಟ್ಟಿ ನಿಂತಿದ್ದರು. ಹೆದರಿದವರನ್ನು ದೂರಲು ನನಗೆ ಮನಸ್ಸಿಲ್ಲ. ಮನೆಗೆ ದುಡಿಯುವವನು ಒಬ್ಬನೇ ಇದ್ದಾಗ ಹೆದರಿಕೆ ಸಹಜ. ಆದರೆ ಒಂದು ದಿನದ ಕೂಲಿ, ಬಾಡಿಗೆ ಕಾರು, ತಪಾಸಣೆ ಇವೆಲ್ಲ ಯಾವ ಗಂಟಿನಿಂದ ಬಂತೆಂದು ಯಾರಾದರೂ ಬರೆದಿಟ್ಟರೇ? ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳಿಸಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಟಿದೆ. ಎದೆ ನೋವು ಕಂಡಾಗ ಮೊದಲು ಅಲ್ಲಿಗೆ ಹೋಗಿ. ಇನ್ನೊಂದು ಮಾತನ್ನೂ ಹೇಳಲೇಬೇಕು. ತಂಬಾಕು ನಮ್ಮ ಕೆಲವು ಮನೆಗಳಿಗೆ ವರ್ಷದ ದೊಡ್ಡ ಹಣ ತರುತ್ತದೆ. ಅದೇ ತಂಬಾಕಿನ ಸೇವನೆ ಹೃದಯಾಘಾತದ ಅಪಾಯವನ್ನು ಹೆಚ್ಚಿಸುತ್ತದೆ. ಬೆಳೆಗಾರನಿಗೆ ಅಷ್ಟೇ ವರಮಾನದ ಬೇರೆ ಬೆಳೆ ತೋರಿಸುವುದು ಕೃಷಿ ಇಲಾಖೆಯ ಕೆಲಸ ಮಾತ್ರವಲ್ಲ, ಆರೋಗ್ಯ ಇಲಾಖೆಯ ಕೆಲಸವೂ ಹೌದು.

ವಿಮೆಯ ವಿಷಯದಲ್ಲಿ ಕರ್ನಾಟಕ ಜಗತ್ತಿಗೇ ಪಾಠ ಕೊಟ್ಟಿದೆ. ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ ಕಂತು. 2018ರಲ್ಲಿ ಅದು ನಿಂತು, 2023ರ ಜನವರಿಯಲ್ಲಿ ಮತ್ತೆ ಬಂತು. ಈಗ ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿ ಕಟ್ಟಿದರೆ 5 ಲಕ್ಷದವರೆಗೆ ಚಿಕಿತ್ಸೆ. ಬಡವರಿಗಾಗಿ ಬಂದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಯಾಯಿತು. ನೀರಜ್ ಸೂದ್ ಮತ್ತು ಸಂಗಡಿಗರು ಅದು ಜಾರಿಯಾದ ಸೀಮೆಯ ಗಡಿಯಲ್ಲಿ, ಆಚೆಗೆ ಯೋಜನೆ ಇದ್ದ 300 ಹಳ್ಳಿ, ಈಚೆಗೆ ಇನ್ನೂ ಬಾರದಿದ್ದ 272 ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಈಚೆ ಶೇಕಡಾ 0.90, ಆಚೆ ಶೇಕಡಾ 0.32. ದೊಡ್ಡಾಸ್ಪತ್ರೆಗೆ ಕೈಯಿಂದ ಹಾಕುವ ಹಣವೂ ಬಹಳ ಇಳಿದಿತ್ತು.

ಇದಕ್ಕೆ ಪೂರಕವಾಗಿ ಇನ್ನೊಂದು ಅಧ್ಯಯನವಿದೆ. ಅದು ನಮ್ಮ ನೆರೆಯ ಮೈಸೂರು ಜಿಲ್ಲೆಯಲ್ಲಿ, ಮತ್ತು ಕಲಬುರಗಿಯಲ್ಲಿ ನಡೆದದ್ದು. ಅನೂಪ್ ಮಲಾನಿ ಮತ್ತು ಸಂಗಡಿಗರು 435 ಹಳ್ಳಿಗಳ 10,879 ಕುಟುಂಬಗಳಲ್ಲಿ ಆಸ್ಪತ್ರೆ ವಿಮೆಯನ್ನು ಕೆಲವರಿಗೆ ಉಚಿತವಾಗಿ, ಕೆಲವರಿಗೆ ಕಂತಿಗೆ ಕೊಟ್ಟು ನೋಡಿದರು. ಉಚಿತವಾಗಿ ಕೊಟ್ಟ ಕಡೆ ಶೇಕಡಾ 79ರಷ್ಟು ಜನ ತೆಗೆದುಕೊಂಡರು. ಕಂತು ಕಟ್ಟಬೇಕಾದ ಕಡೆಯೂ ಶೇಕಡಾ 60ರಷ್ಟು ಜನ ತೆಗೆದುಕೊಂಡರು. ಬಡವರು ವಿಮೆಗೆ ದುಡ್ಡು ಬಿಚ್ಚುವುದಿಲ್ಲ ಎನ್ನುವವರಿಗೆ ಇದೇ ಉತ್ತರ. ಆದರೆ ಆರೋಗ್ಯದಲ್ಲಿ ಎದ್ದುಕಾಣುವ ಸುಧಾರಣೆ ಆಗಲಿಲ್ಲ. ಕಾರ್ಡಿದ್ದರೂ ಬಳಸಲು ಹೋಗಿ ಬಳಸಲಾಗದೆ ವಾಪಸು ಬಂದವರು ಅನೇಕರಿದ್ದರು. ಕಾರ್ಡು ಮನೆಯಲ್ಲೇ ಮರೆತದ್ದು, ಎಲ್ಲಿ ಹೇಗೆ ತೋರಿಸಬೇಕೆಂದು ತಿಳಿಯದಿದ್ದದ್ದು ಇಂಥ ಸಣ್ಣ ಸಣ್ಣ ತೊಡಕುಗಳು. ಎರಡೂ ಅಧ್ಯಯನಗಳನ್ನು ಒಟ್ಟಿಗೆ ಓದಿದರೆ ನನಗೆ ಕಾಣುವುದು ಇಷ್ಟು: ಯೋಜನೆ ಬಂದದ್ದಕ್ಕೆ ಸಮಾಧಾನಪಟ್ಟು ಕೂರುವಂತಿಲ್ಲ, ಆಸ್ಪತ್ರೆಯ ಬಾಗಿಲವರೆಗೆ ಜೊತೆಗೆ ಬರುವ ಒಬ್ಬರು ಬೇಕು.

ಆ ಒಬ್ಬರು ಊರಿನ ಹೆಂಗಸರ ಸಂಘದಲ್ಲೇ ಇದ್ದಾರೆ. ಸ್ವಸಹಾಯ ಸಂಘದ ಹುಟ್ಟಿನಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದ ಗುಂಪುಗಳಿಗೆ 1987ರಲ್ಲಿ ನಬಾರ್ಡ್ ನೆರವು ಕೊಟ್ಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ದೇಶಾದ್ಯಂತ ಶುರುವಾಯಿತು. 2000ದಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಒಂದು ಸಂಜೆ, ಡೈರಿಗೆ ಹಾಲು ಹಾಕಿದ ಮೇಲೆ, ಹೊಳೆನರಸೀಪುರದ ಕಡೆಯ ಹಳ್ಳಿಯೊಂದರಲ್ಲಿ ಗುಡಿಯ ಜಗಲಿ ಮೇಲೆ ನಡೆದ ಸಂಘದ ಸಭೆ ನೋಡಿದೆ. ಚಾಪೆಯ ನಡುವೆ ತಗಡಿನ ಪೆಟ್ಟಿಗೆ, ನಡಾವಳಿ ಪುಸ್ತಕ, ರಬ್ಬರ್ ಬ್ಯಾಂಡು ಹಾಕಿದ ಪಾಸ್‌ಪುಸ್ತಕಗಳ ಕಟ್ಟು. ಉಳಿತಾಯದ ನೋಟುಗಳನ್ನು ಒಬ್ಬಾಕೆ ಎಣಿಸಿ ಪಕ್ಕದವಳಿಗೆ ಕೊಟ್ಟು ಮತ್ತೆ ಎಣಿಸಿದಳು.

“ಈ ಸಲ ನಂಗೆ ಬಿಟ್ಕೊಡಿ ಕಣಕ್ಕ, ನಮ್ಮತ್ತೆಗೆ ಕಣ್ಣಿನ ಆಪ್ರೇಷನ್ನು ಐತೆ” ಎಂದಳು ಒಬ್ಬ ಹುಡುಗಿ.

“ತಗೋಳವ್ವ, ಹಿಂದಿನ ಕಂತು ಎರಡು ನಿಂತೈತಲ್ಲ, ಅದು?” ಎಂದರು ಹಿರಿಯಾಕೆ.

“ಬಟವಾಡೆ ಆದ ತಕ್ಷಣ ಕಟ್ಟಿಬಿಡ್ತೀನಿ.”

ಐದು ನಿಮಿಷದಲ್ಲಿ ಸಾಲ ಮಂಜೂರಾಯಿತು. ಯಾವ ಹಸು ಕರೆಯುತ್ತಿದೆ, ಯಾವ ಅತ್ತೆಗೆ ಯಾವ ಕಾಯಿಲೆ ಎಂಬುದೆಲ್ಲ ಆ ಜಗಲಿಯ ಮೇಲೆ ಎಲ್ಲರಿಗೂ ಗೊತ್ತು. ಯಾವ ಬ್ಯಾಂಕಿನ ಮ್ಯಾನೇಜರಿಗೂ ಇಷ್ಟು ಮಾಹಿತಿ ಇರಲಾರದು.

ಆ ಪೆಟ್ಟಿಗೆಯಲ್ಲಿ ಇನ್ನೊಂದು ಅರೆ ಇರಬೇಕು ಎಂಬುದು ನನ್ನ ಬೇಡಿಕೆ. ಪ್ಯಾಸ್ಕಲಿನ್ ದ್ಯುಪಾ ಮತ್ತು ಜೊನಾಥನ್ ರಾಬಿನ್ಸನ್ ಕೀನ್ಯಾ ದೇಶದ ಹಳ್ಳಿಗಳಲ್ಲಿ ಮಾಡಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಕೆಲವರಿಗೆ ಬೀಗವಿದ್ದ ತಗಡಿನ ಪೆಟ್ಟಿಗೆ ಕೊಟ್ಟು, ಇದು ಆರೋಗ್ಯದ ದುಡ್ಡಿಗೆ ಎಂದರು. ಕೆಲವು ಚೀಟಿ ಗುಂಪುಗಳಲ್ಲಿ ಆರೋಗ್ಯಕ್ಕೆಂದೇ ಬೇರೆ ಹುಂಡಿ ಇಡಿಸಿದರು. ಅಷ್ಟರಿಂದಲೇ ಆರೋಗ್ಯಕ್ಕಾಗಿ ಜನ ಹಾಕಿದ ಹಣ ಗಣನೀಯವಾಗಿ ಹೆಚ್ಚಿತು. ಹೆಸರಿಟ್ಟು ಬೇರೆ ಮಾಡಿದ ದುಡ್ಡನ್ನು ನೆಂಟರು ಕೇಳಿದರೂ ಇಲ್ಲವೆನ್ನುವುದು ಸುಲಭ. ಮೊದಲು ಹೇಳಿದ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಹಾಲಿನ ಹಣವೂ ಗೃಹಲಕ್ಷ್ಮಿಯೂ ಮತ್ತೆ ಮತ್ತೆ ಬರುವ ಸಣ್ಣ ಹಣ. ಅದರಿಂದ ಸಭೆಗೊಮ್ಮೆ ಸ್ವಲ್ಪ ಆರೋಗ್ಯ ನಿಧಿಗೆ ಹಾಕಿದರೆ ಜುಲೈ ತಿಂಗಳ ಕಾಯಿಲೆಗೆ ಮೊದಲ ಹತ್ತು ಸಾವಿರ ಅಲ್ಲೇ ಸಿಗುತ್ತದೆ. ಡೈರಿಯ ಕಾರ್ಯದರ್ಶಿಗಳು ಯಶಸ್ವಿನಿಯ 500 ರೂಪಾಯಿಯನ್ನು ಒಂದೇ ಸಲ ಕೇಳದೆ, ಸದಸ್ಯರ ಒಪ್ಪಿಗೆ ಪಡೆದು ಹತ್ತು ಬಟವಾಡೆಗಳಲ್ಲಿ 50ರಂತೆ ಹಿಡಿದರೆ ನೋಂದಣಿಯ ಕೊನೆಯ ದಿನ ಯಾರೂ ಓಡಾಡಬೇಕಾಗಿಲ್ಲ.

ಇನ್ನು ರಿಸರ್ವ್ ಬ್ಯಾಂಕಿನ ಕಡೆಗೆ ಒಂದು ಮಾತು. ಅದರ ನೀತಿಗೆ 2016ರಿಂದ ಕಾನೂನಿನ ಗುರಿ ಇದೆ. ಬೆಲೆಯೇರಿಕೆ ಶೇಕಡಾ 4ರ ಆಸುಪಾಸಿನಲ್ಲಿರಬೇಕು, 2ಕ್ಕಿಂತ ಇಳಿಯಬಾರದು, 6 ದಾಟಬಾರದು. 2012ರ ಆಧಾರ ವರ್ಷದ ಬೆಲೆ ಸೂಚ್ಯಂಕದಲ್ಲಿ ಹಳ್ಳಿಗಳ ಮಟ್ಟಿಗೆ ಆಹಾರದ ತೂಕ ಶೇಕಡಾ 54. ಆಲೂಗೆಡ್ಡೆ ತುಟ್ಟಿಯಾದರೆ ಅದು ಮುಂಬೈಯ ಕೋಷ್ಟಕದಲ್ಲಿ ಚಿಂತೆಯಾಗಿ ಕಾಣಿಸುತ್ತದೆ. ಹಾಸನದ ಬೆಳೆಗಾರನಿಗೆ ಅದೇ ಸಾಲ ತೀರಿಸುವ ವರ್ಷ. ಬೆಲೆಗಳು ಮುಂದೆ ಹೇಗಿದ್ದಾವು ಎಂದು ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳ ಕುಟುಂಬಗಳನ್ನು ಕೇಳಿ ತಿಳಿಯುವ ಸಮೀಕ್ಷೆಯನ್ನು ರಿಸರ್ವ್ ಬ್ಯಾಂಕ್ ನಿಯಮಿತವಾಗಿ ನಡೆಸುತ್ತದೆ. ಒಳ್ಳೆಯ ಕೆಲಸ. ಹಳ್ಳಿಯ ಮನೆಗಳನ್ನೂ ಹೀಗೆ ಕೇಳುವಾಗ ಬೆಲೆಯ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಲಿ: ನಿಮ್ಮ ಮನೆಯ ಕಳೆದ ಕಾಯಿಲೆಗೆ ಹಣ ಎಲ್ಲಿಂದ ಬಂತು, ಯಾವ ಬಡ್ಡಿಗೆ ಬಂತು? ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ನಮ್ಮ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಸಾಲ ಯಾಕೆ ಹುಟ್ಟಿತು ಎಂಬುದರ ಲೆಕ್ಕ ಮೊದಲೇ ಇದ್ದಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ.

ಆ ಲೆಕ್ಕಕ್ಕೆ ದೆಹಲಿಯಿಂದ ಯಾರೂ ಬರಬೇಕಾಗಿಲ್ಲ. ಹಾಸನದ ಹೇಮಗಂಗೋತ್ರಿಯಲ್ಲಿ ವಿಶ್ವವಿದ್ಯಾಲಯದ ಆವರಣವಿದೆ. ಹೊಳೆನರಸೀಪುರದಲ್ಲಿ ಹೆಣ್ಣುಮಕ್ಕಳ ಸರ್ಕಾರಿ ಗೃಹ ವಿಜ್ಞಾನ ಕಾಲೇಜು ಇದೆ. ಎರಡೂ ಕಡೆಯ ವಿದ್ಯಾರ್ಥಿಗಳು ಮೊದಲು ಹೇಳಿದ ನಾಲ್ಕು ತಾಲ್ಲೂಕುಗಳಲ್ಲೂ ತಮ್ಮ ತಮ್ಮ ಊರಿನ ಸಂಘದ ನಡಾವಳಿ ಪುಸ್ತಕದಲ್ಲಿ, ಸಂಘದವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ನಾಲ್ಕು ಕಲಂ ಬರೆಯಲಿ: ಯಾವ ತಿಂಗಳು, ಯಾವ ಕಾಯಿಲೆ, ಎಷ್ಟು ಹಣ, ಯಾವ ಬಡ್ಡಿ. ಮುಂದಿನ ಮುಂಗಾರಿನ ಬಿತ್ತನೆಗೆ ಶುರುಮಾಡಿದರೆ ರಾಗಿ ಕಣ ಮುಗಿಯುವ ಹೊತ್ತಿಗೆ ಒಂದು ಬೆಳೆಯ ಲೆಕ್ಕ ಕೈಗೆ ಬರುತ್ತದೆ. ಅದನ್ನು ಜಿಲ್ಲಾ ಪಂಚಾಯಿತಿಗೂ ರಿಸರ್ವ್ ಬ್ಯಾಂಕಿನ ಬೆಂಗಳೂರು ಕಚೇರಿಗೂ ಕಳಿಸೋಣ.